ಪಿಳ್ಳಪ್ಪನ ಕಟ್ಟೆಯ ಕೆಳಗೆ

ದೊಡ್ಡಬಳ್ಳಾಪುರ
9-7-1945

ಅಕ್ಕ ಲಕ್ಕಮ್ಮನಿಗೆ ಗೋಪಾಲಪ್ಪನ ನಮಸ್ಕಾರ.

ಇಲ್ಲಿ ಎಲ್ಲವೂ ನೆಟ್ಟಗಿದೆ, ನನ್ನ ನಿದ್ದೆಯೊಂದು ಬಿಟ್ಟು. ನೀನು ಗಂಗಲಕ್ಷ್ಮಿಯನ್ನು ಬಾಣಂತನಕ್ಕೆ ಕರೆತರಲು ಹೊಸಕೋಟೆ ಕಡೆಗೆ ಹೋಗಿದ್ದ ಹೊತ್ತಿನಲ್ಲಿ ಊರಿಗೆ ಓವರ್‌ಸಿಯರ್ ನರಸಿಂಹಯ್ಯನವರು ಬಂದರು. ಖಾಸಗಿಯವರ ನೀರಿನ ಕಟ್ಟೆಗಳನ್ನೆಲ್ಲ ನೋಡಿ ಒಂದೊಂದಕ್ಕೂ ವರ್ಗ ಹಾಕಬೇಕಂತೆ. ಕಟ್ಟೆ ನನ್ನ ಹೆಸರಿನಲ್ಲಿದೆಯಲ್ಲ, ನನಗೇ ಹೇಳಿಕಳಿಸಿದರು. ನೂಲಿನಂಗಡಿಯ ಸಾಹುಕಾರರನ್ನು ಬೇಡಿಕೊಂಡು ಓಡಿಬಂದೆ.

ಅವರು ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರು. ನಾನು ಹಿಂದೆ ಹಿಂದೆಯೇ ಹೋಗಿ ಏಡಿ ಬಿಲ ತೋರಿಸಿದೆ, ಹುತ್ತ ತೋರಿಸಿದೆ, ಅಪ್ಪನ ಕಾಲದಲ್ಲಿ ಗಾಳಿಗೆ ಉರುಳಿದ ಅತ್ತಿ ಮರದ ಜಾಗ ತೋರಿಸಿದೆ. ಅವರು ಏರಿಗಿಂತ ಏರಿಯ ಕೆಳಗಿನ ಬೀಳನ್ನೇ ಹೆಚ್ಚು ನೋಡಿದರು.

"ಕೆಳಗಡೆ ಮನೆ ಮಠ ಏನಾದ್ರೂ ಇದೆಯೇನಪ್ಪಾ?"

"ಇಲ್ಲ ಸ್ವಾಮಿ. ನಮ್ಮ ಭಾವನ ಗದ್ದೆ, ಆಮೇಲೆ ಬೀಳು."

"ದಾರಿ?"

"ದನ ಓಡಾಡೋ ದಾರಿ."

"ಹಾಗಾದ್ರೆ ಮೂರನೇ ವರ್ಗ. ಹೋಗಿ ಸುಖವಾಗಿ ಮಲಗು."

ಮೂರನೇ ವರ್ಗವೆಂದರೆ ನಮಗೆ ಏನೂ ಕಟ್ಟುಪಾಡಿಲ್ಲ. ಮೊದಲನೇ ವರ್ಗಕ್ಕೆ ಹಾಕಿದ್ದರೆ ಏರಿಗೆ ಕಲ್ಲು ಹೊದಿಸಬೇಕಿತ್ತು, ಕೋಡಿ ಅಗಲ ಮಾಡಬೇಕಿತ್ತು. ಮಾಡಲಾಗದಿದ್ದರೆ ಕಟ್ಟೆಯನ್ನೂ, ಪಿಳ್ಳಪ್ಪ ತಾತ ಅದನ್ನು ಕಟ್ಟಿಸಿದ್ದಕ್ಕೆ ಸಿಕ್ಕ ಕೊಡಿಗೆ ಜಮೀನನ್ನೂ ಸರ್ಕಾರ ವಾಪಸು ತೆಗೆದುಕೊಳ್ಳುತ್ತಿತ್ತು. ಭಾವನಿಗೆ ಹೇಳಿದರೆ ಸಂತೋಷಪಡುತ್ತಾರೆ. ನಾನೂ ಬರುವ ದಾರಿಯುದ್ದಕ್ಕೂ ಸಂತೋಷಪಟ್ಟೆ. ಮನೆಗೆ ಬಂದು ಕೈಕಾಲು ತೊಳೆಯುವಾಗ ನೆನಪಾಯಿತು. ಅತ್ತಿ ಮರದ ಜಾಗದ ನೇರಕ್ಕೆ, ಏರಿಯ ಬುಡದಲ್ಲಿ, ಈ ಒಣಗಿದ ದಿನದಲ್ಲೂ ಹುಲ್ಲು ಹಸಿರಾಗಿತ್ತು. ಮಣ್ಣು ಮುಟ್ಟಿ ನೋಡಿದ್ದೆ, ತಣ್ಣಗಿತ್ತು. ಆ ಮರದ ಬೇರು ಒಳಗೇ ಕೊಳೆತು ಕೊಳವೆಯಾಗಿದ್ದರೆ ಏನು ಗತಿ ಅಕ್ಕ? ಏರಿಯ ಹೊಟ್ಟೆಗೆ ತಾತ ಸುದ್ದೆಮಣ್ಣು ತುಂಬಿಸಿ, ಎಮ್ಮೆ ಬಿಟ್ಟು ತುಳಿಸಿ, ಮೇಲೆ ಕೆಮ್ಮಣ್ಣು ಹೊದಿಸಿದ್ದನಂತೆ. ಮಿಕ್ಕ ಸುದ್ದೆಯನ್ನು ಅಜ್ಜಿ ಬಹಳ ವರ್ಷ ಸುಣ್ಣದ ಬದಲು ಗೋಡೆಗೆ ಬಳಿದಳು ಎಂದು ಅಪ್ಪ ಹೇಳುತ್ತಿದ್ದ. ಅಷ್ಟು ಗಟ್ಟಿ ಮಾಡಿದ್ದು ಹಾಗೆ ಬೆವರಬಾರದು.

ನೀನು ಒಂದು ಸಲ ಹೋಗಿ ನೋಡಿ ಬರೆಸು. ನೋಡಿದ ದಿನವೇ ಬರೆಸು.

ನಿನ್ನ ತಮ್ಮ
ಗೋಪಾಲಪ್ಪ

*

ಬೀರಗೊಂಡನಹಳ್ಳಿ
22-7-1945

ಗೋಪಾಲನಿಗೆ ನಿನ್ನ ಅಕ್ಕನ ಆಶೀರ್ವಾದ. ಹೇಳುವವಳು ನಾನು, ಬರೆಯುವವಳು ಗಂಗ.

ನಿನ್ನ ಕಾಗದ ಬಂತು. ಏಡಿ ಬಿಲದವರೆಗೆ ಓದಿಸಿದೆ, ಆಮೇಲೆ ಸಾಕು ಮಡಚು ಅಂದೆ. ನಿನ್ನ ಕಾಗದವನ್ನು ಕೊನೆಯವರೆಗೆ ಕೇಳಿದರೆ ಅವತ್ತು ಅನ್ನ ಸೇರುವುದಿಲ್ಲ ಕಣೋ. ಮಿಂಚುಹುಳ ನೋಡಿ ಬಣವೆಗೆ ಬೆಂಕಿ ಬಿತ್ತೆಂದು ಊರೆಲ್ಲಾ ಎಬ್ಬಿಸಿದವನು ನೀನು. ಜನ ಕೊಡ ಹಿಡಿದು ಬಂದು ನಿಂತಿದ್ದು, ಅಪ್ಪ ತಲೆ ತಗ್ಗಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಈಗಲೂ ನಿನ್ನ ಹೆಸರೆತ್ತಿದರೆ ಊರಿನವರು ಯಾವ ಗೋಪಾಲ, ಮಿಂಚುಹುಳದ ಗೋಪಾಲನಾ ಅನ್ನುತ್ತಾರೆ.

ನಿನ್ನ ಭಾವನ ಕಿವಿಗೂ ಹಾಕಿದೆ. ಅವರು ಅಂದದ್ದು ಇಷ್ಟು: "ನೀರು ಹಿಡಿಯೋ ಏರಿ ಒದ್ದೆಯಾಗ್ದೆ ಇನ್ನೇನು ನಿಮ್ಮಪ್ಪನ ಅಟ್ಟ ಒದ್ದೆಯಾಗತ್ತಾ? ಸರ್ಕಾರದೋರೇ ಯೋಚನೆ ಬೇಡ ಅಂತ ಬರ್ಕೊಂಡು ಹೋದ್ರು. ಅವರಿಗಿಂತ ದೊಡ್ಡೋನಾ ನಿನ್ನ ತಮ್ಮ?"

ಗಂಗ ಚೆನ್ನಾಗಿದ್ದಾಳೆ. ಹುಣಿಸೆಹಣ್ಣು ಎಲ್ಲಿಟ್ಟರೂ ಹುಡುಕುತ್ತಾಳೆ. ದಸರಾ ಹೊತ್ತಿಗೆ ಆಗಬಹುದು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಲಕ್ಕಮ್ಮ

ಮಾವ, ಇದು ಅಮ್ಮ ಹೇಳಿದ್ದಲ್ಲ. ನಿಮ್ಮ ಕಾಗದ ಬಂದ ಸಂಜೆಯೇ ಅಮ್ಮ ಹುಲ್ಲು ತರುತ್ತೇನೆಂದು ಏರಿ ಕಡೆಗೆ ಹೋಗಿದ್ದಳು. ಬರುವಾಗ ಕೈಯಲ್ಲಿ ಹುಲ್ಲಿರಲಿಲ್ಲ. ಬರೆಯಬೇಡ ಅಂದಿದ್ದಾಳೆ. — ಗಂಗ

*

ದೊಡ್ಡಬಳ್ಳಾಪುರ
3-9-1945

ಅಕ್ಕ,

ಅಂಚೆಯ ಬೈರಣ್ಣ ಹೇಳಿದ್ದು ನಿಜವೇ? ನಮ್ಮೂರಲ್ಲಿ ಇಲಿ ಬೀಳುತ್ತಿವೆಯಂತೆ. ಪಟೇಲರ ಕಣಜದಲ್ಲಿ ಸತ್ತ ಇಲಿಯನ್ನು ಮೊರದಲ್ಲಿ ಎತ್ತಿ ಹಾಕಿದರಂತೆ. ನಿನ್ನ ಕಾಗದವೂ ಇಲ್ಲ. ಬೈರಣ್ಣನಿಗೆ ಊಟ ಹಾಕಿ ಎರಡೆರಡು ಸಲ ಕೇಳಿದೆ. "ನಿಮ್ಮಕ್ಕ ಗಟ್ಟಿಗಿತ್ತಿ ಗೋಪಾಲಣ್ಣ, ಪ್ಲೇಗೇ ಹೆದ್ರಿ ಓಡಬೇಕು" ಅಂತ ನಗುತ್ತಾನೆ. ಅವನೇನು, ಸೂಜಿ ಚುಚ್ಚಿಸಿಕೊಂಡಿದ್ದಾನೆ, ಚೀಟಿ ತೋರಿಸಿ ಎಲ್ಲಿಗಾದರೂ ಹೋಗುತ್ತಾನೆ.

ನಾನು ಬರಬೇಕಿತ್ತು. ಬರುವುದಕ್ಕಾಗುವುದಿಲ್ಲ. ನಿಮ್ಮೂರಿಗೆ ಹೋಗಿಬಂದವರು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ ಎಂದು ಸಾಹುಕಾರರು ಖಂಡಿತವಾಗಿ ಹೇಳಿದ್ದಾರೆ. ಸೂಜಿಯ ಮಾತಂತೂ ಬೇಡ. ನಮ್ಮ ಬೀದಿಯಲ್ಲಿ ಒಬ್ಬರು ಚುಚ್ಚಿಸಿಕೊಂಡು ತೋಳು ಕುಂಬಳಕಾಯಿಯ ಹಾಗೆ ಬಾತು ಮಲಗಿದ್ದರು. ನೋಡಿಬಂದ ಮೇಲೆ ನನಗೇ ತೋಳು ನೋಯುತ್ತಿದೆ.

ಊರು ಬಿಡುವುದಾದರೆ ಬೇಗ ಬಿಡಿ. ಗುಡಿಸಲನ್ನು ಗುಟ್ಟೆಯ ಮೇಲೆ ಹಾಕಿಕೊಳ್ಳಿ. ಅಲ್ಲಿ ಗಾಳಿ ಚೆನ್ನಾಗಿದೆ. ಎಲ್ಲಿ ಹಾಕಿಕೊಂಡಿರಿ ಎನ್ನುವುದನ್ನು ಮರೆಯದೆ ಬರೆಸು. ನನಗೆ ಕಣ್ಣು ಮುಚ್ಚಿದರೆ ಏನೇನೋ ಕಾಣುತ್ತದೆ.

ಗೋಪಾಲಪ್ಪ

*

ಬೀರಗೊಂಡನಹಳ್ಳಿ ಶೆಡ್ಡು
15-9-1945

ಗೋಪಾಲನಿಗೆ ಆಶೀರ್ವಾದ.

ಊರು ಬಿಟ್ಟೆವು. ಬಾಗಿಲಿಗೆ ಬೀಗ ಹಾಕಿ, ತುಳಸಿಗೆ ಕೈಮುಗಿದು, ಪಾತ್ರೆ ಪಗಡೆ ಗಾಡಿಗೆ ಹೇರಿಕೊಂಡು ಎಲ್ಲರೂ ಹೊರಟೆವು. ಇಬ್ಬರನ್ನು ಮಣ್ಣು ಮಾಡಿಯೇ ಹೊರಟದ್ದು. ಯಾರೆಂದು ಬರೆಸುವುದಿಲ್ಲ, ನೀನು ಅದನ್ನೇ ನೆನೆಯುತ್ತಾ ಕೂರುತ್ತೀಯ.

ಮುತ್ಯಾಲಮ್ಮನನ್ನೂ ಕರೆತಂದಿದ್ದೇವೆ. ಊರು ಬಿಟ್ಟಾಗ ಅಮ್ಮನನ್ನು ಬಿಟ್ಟುಬರುವ ಹಾಗಿಲ್ಲವಲ್ಲ. ಪೂಜೆ ಮಾಡುವ ಅಮ್ಮಯಮ್ಮ ಕಲ್ಲನ್ನು ಮಗುವಿನ ಹಾಗೆ ಸೊಂಟದಲ್ಲಿಟ್ಟುಕೊಂಡು ನಡೆದಳು. ಅವಳ ವಯಸ್ಸಿಗೆ ಅದೆಲ್ಲಿಂದ ಬಂತೋ ಆ ಬಲ.

ಗುಟ್ಟೆಯ ಮೇಲೆ ನೀರೆಲ್ಲಿದೆ? ಊರ ಬಾವಿಯ ನೀರು ಮುಟ್ಟಬೇಡಿ ಎಂದು ಡಾಕ್ಟರ ಕಡೆಯವರು ಹೇಳಿಹೋದರು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಮ್ಮಯಮ್ಮ ಕಂಡದ್ದು. ನಮ್ಮ ಕಟ್ಟೆಯ ಕೆಳಗೆ ಬೀಳಿನಲ್ಲಿ ಒಂದು ಒರತೆ ಎದ್ದಿದೆ. ಕೈಯಿಂದ ಕೆದಕಿದರೆ ಬುಗ್ಗೆಂದು ಬರುತ್ತದೆ. ಎಳನೀರಿನ ಹಾಗೆ ತಿಳಿ, ಸಿಹಿ. ಊರಿನಲ್ಲಿ ಸಾವು ನಡೆಯುತ್ತಿರುವಾಗ ಇಲ್ಲಿ ಅಮ್ಮ ನೀರು ಕೊಟ್ಟಳು ಎಂದು ಒರತೆಯ ಪಕ್ಕದಲ್ಲೇ ಅವಳನ್ನು ಕೂರಿಸಿ, ಸುತ್ತ ಗುಡಿಸಲು ಹಾಕಿಕೊಂಡೆವು. ಊರಿಗೆ ಊರೇ ಇಲ್ಲಿದೆ. ಇಲ್ಲಿ ಬಂದ ಮೇಲೆ ಯಾರಿಗೂ ಪ್ಲೇಗಿನ ಗೆಡ್ಡೆ ಎದ್ದಿಲ್ಲ.

ನೀನು ಏನನ್ನುತ್ತೀಯೋ ಗೊತ್ತು. ನಿನ್ನ ಓವರ್‌ಸಿಯರೇ ಮೂರನೇ ವರ್ಗ, ಯೋಚನೆ ಬೇಡ ಅಂದಿದ್ದಾನಲ್ಲ. ಅದನ್ನು ನಿನ್ನ ಭಾವ ಎಲ್ಲರಿಗೂ ಹೇಳಿದರು. ಅದನ್ನು ಕೇಳಿಯೇ ಎಲ್ಲರೂ ಧೈರ್ಯವಾಗಿ ಇಲ್ಲಿ ಗೂಟ ಹೊಡೆದದ್ದು.

ಲಕ್ಕಮ್ಮ

*

ದೊಡ್ಡಬಳ್ಳಾಪುರ
23-9-1945

ಅಕ್ಕ,

ಕಾಗದ ಓದಿ ನೂಲಿನ ಗಂಟನ್ನು ಕಾಲ ಮೇಲೆ ಹಾಕಿಕೊಂಡೆ. ಸಾಹುಕಾರರು ಬೈದರು.

ನೀನು ಈ ಸಲ ದಯವಿಟ್ಟು ಕೊನೆಯವರೆಗೆ ಕೇಳು. ನಾನು ನಿಮಗೆ ಸರಿಯಾಗಿ ಹೇಳಿರಲಿಲ್ಲ, ಯಾಕೆಂದರೆ ನನಗೂ ಆಗ ಸರಿಯಾಗಿ ಹೊಳೆದಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಮಠ ಬಿಟ್ಟವನು ನಾನು. ಮೊದಲನೆಯದು, ಎರಡನೆಯದು, ಮೂರನೆಯದು ಅಂದರೆ ಏರಿಯ ಗಟ್ಟಿತನ ಅಂದುಕೊಂಡೆ. ಅದಲ್ಲ. ಅವರು ಏರಿಯನ್ನು ನೋಡಿ ವರ್ಗ ಬರೆಯಲಿಲ್ಲ ಅಕ್ಕ, ಏರಿಯ ಕೆಳಗೆ ನೋಡಿ ಬರೆದರು. ಒಡೆದರೆ ಯಾರಿಗೆ ಏನಾಗುತ್ತದೆ ಎನ್ನುವುದೇ ವರ್ಗ. ಕೆಳಗೆ ಯಾರೂ ಇಲ್ಲ, ಒಡೆದರೂ ಗದ್ದೆ ಹೋಗುತ್ತದೆ ಅಷ್ಟೆ ಎಂದು ಮೂರನೆಯದು ಹಾಕಿದರು. ಈಗ ಕೆಳಗೆ ಊರಿದೆ. ನೀವು ಗುಡಿಸಲು ಹಾಕಿದ ದಿನವೇ ಆ ಮಾತು ಸುಳ್ಳಾಯಿತು.

ಆ ಒರತೆ ಎದ್ದಿರುವುದು ಅತ್ತಿ ಮರದ ನೇರಕ್ಕೆ ತಾನೆ? ಹೌದೋ ಅಲ್ಲವೋ ಅಷ್ಟನ್ನೇ ಬರೆಸು. ಹೌದಾದರೆ ಅದು ಒರತೆಯಲ್ಲ, ಕಟ್ಟೆಯ ನೀರು.

ಗುಟ್ಟೆಗೆ ಹೋಗಿ. ನೀರನ್ನು ಗಾಡಿಯಲ್ಲಿ ಹೊಡೆಸಿಕೊಳ್ಳಿ. ಹೋಗದಿದ್ದರೆ ಭಾವನಿಗೆ ಹೇಳಿ ತೂಬನ್ನಾದರೂ ಎತ್ತಿಸು, ಕಟ್ಟೆ ಇಳಿಯಲಿ. ನಾನು ಓವರ್‌ಸಿಯರನ್ನು ಕಾಣಲು ಹೋಗಿದ್ದೆ. ಕಚೇರಿಯ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದೆ. ಕೆಳಗೆ ಜನ ಇದ್ದಾರೆಂದು ಹೇಳಿದರೆ ಮೊದಲನೇ ವರ್ಗವಾಗುತ್ತದೆ. ಆಮೇಲೆ ಕಲ್ಲು ಎಲ್ಲಿಂದ ತರುವುದು, ಕೊಡಿಗೆ ಹೋದರೆ ನಿನ್ನ ಮನೆ ಏನು ಉಣ್ಣುವುದು. ಎದ್ದು ಬಂದೆ. ಮತ್ತೆ ಹೋಗುತ್ತೇನೆ.

ಗೋಪಾಲಪ್ಪ

*

ಬೀರಗೊಂಡನಹಳ್ಳಿ ಶೆಡ್ಡು
8-10-1945

ಗೋಪಾಲನಿಗೆ ಆಶೀರ್ವಾದ.

ಹಸ್ತ ಮಳೆ ಕೈ ಬಿಡಲಿಲ್ಲ. ಕಟ್ಟೆ ಮುಕ್ಕಾಲು ತುಂಬಿದೆ. ಏರಿಯಿಂದ ನಾಲ್ಕು ಹೆಜ್ಜೆ ಇಳಿದರೆ ಕಾಲು ತೊಳೆಯಬಹುದು ಅನ್ನುವ ಹಾಗಿದೆ. ನಮ್ಮ ಗುಡಿಸಲಿನಿಂದ ನೋಡಿದರೆ ನೀರು ಕಾಣುವುದಿಲ್ಲ, ಏರಿ ಮಾತ್ರ ಕಾಣುತ್ತದೆ. ಬೆಳಿಗ್ಗೆ ಅದರ ನೆರಳು ನಮ್ಮ ಒಲೆಯವರೆಗೂ ಬರುತ್ತದೆ.

ನಿನ್ನ ಕಾಗದ ಈ ಸಲ ಪೂರ್ತಿ ಕೇಳಿದೆ. ಗಂಗ ಓದುತ್ತಾ ಓದುತ್ತಾ ದನಿ ಸಣ್ಣ ಮಾಡಿದಳು. ಬಸುರಿ ಹೆಂಗಸಿಗೆ ಇಂಥದ್ದನ್ನೆಲ್ಲ ಓದಿಸಿದೆನಲ್ಲಾ ಎಂದು ನನಗೇ ಬೇಸರವಾಯಿತು. ಇನ್ನು ಮೇಲೆ ಇಂಥದ್ದು ಬರೆಯಬೇಡ.

ಹೌದು, ಅತ್ತಿ ಮರದ ನೇರಕ್ಕೇ ಇದೆ. ನೀರು ತಿಳಿಯಾಗಿದೆ, ಅದಕ್ಕೇನೂ ಇಲ್ಲ.

ತೂಬಿನ ಮಾತು ಎತ್ತಿದೆ. ನಿನ್ನ ಭಾವ ಊಟದ ಮುಂದಿನಿಂದ ಎದ್ದುಬಿಟ್ಟರು. "ಭತ್ತ ಹೊಡೆ ಕಟ್ಟಿದೆ. ಈಗ ನೀರು ಬಿಟ್ಟುಬಿಟ್ಟು ಬೇಸಿಗೇಲಿ ನಿನ್ನ ತಮ್ಮನ ಕಾಗದ ಹಿಂಡಿ ಗದ್ದೆಗೆ ಹಾಯಿಸ್ಲಾ?" ಅಂದರು. ಅವರ ಮಾತಿನಲ್ಲೂ ತಪ್ಪಿಲ್ಲ.

ಗುಟ್ಟೆಗೆ ಹೋಗೋಣವೆಂದು ಅಮ್ಮಯಮ್ಮನ ಹತ್ತಿರ ಹೇಳಿಸಿದೆ. ಯಾರ ಬಾಯಿಂದ ಬಂದ ಮಾತೆಂದು ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದರು. ಅಮ್ಮನ ತಲೆ ಮೇಲೆ ಹೂವಿಟ್ಟು ಕೇಳಿದೆವು. ಬಲಕ್ಕೆ ಬಿದ್ದರೆ ಹೋಗುವುದು, ಎಡಕ್ಕೆ ಬಿದ್ದರೆ ಇಲ್ಲೇ ಇರುವುದು. ಮಳೆ ಹನಿಯುತ್ತಿತ್ತು. ಎಲ್ಲರೂ ನೆನೆಯುತ್ತಾ ನಿಂತಿದ್ದೆವು. ಎಡಕ್ಕೆ ಬಿತ್ತು.

ಅದರ ಮೇಲೆ ನಾನೇನು ಮಾಡಲಿ?

ಲಕ್ಕಮ್ಮ

*

ದೊಡ್ಡಬಳ್ಳಾಪುರ
17-10-1945

ಅಕ್ಕ,

ಅಂಗಡಿಯಲ್ಲಿ ಸಾಹುಕಾರರು ಎದುರಿಗೆ ನಿಂತು ಮಾತಾಡುತ್ತಿದ್ದರೂ ನನಗೆ ಕೇಳಿಸುವುದಿಲ್ಲ. ಮಳೆ ಬಂದರೆ ಹೊರಗೆ ಬಂದು ನಿಲ್ಲುತ್ತೇನೆ. ನಮ್ಮೂರಿನ ದಿಕ್ಕಿಗೆ, ಘಾಟಿ ಕಡೆ ಕಪ್ಪಗಿದೆಯೇ ನೋಡುತ್ತೇನೆ. ಇಲ್ಲಿ ನಿಂತರೂ ಅಲ್ಲಿ ಬರುತ್ತಿರಬಹುದು. ಮನೆಯವಳು "ನಿಮ್ಮ ತಲೆ ಮೇಲೇ ಕಟ್ಟೆ ಇದೆಯೇನ್ರೀ" ಅನ್ನುತ್ತಾಳೆ. ಗಂಗಲಕ್ಷ್ಮಿಗೆ ಏನಾಯಿತು, ಗಂಡೋ ಹೆಣ್ಣೋ, ಯಾಕೆ ತಿಳಿಸಲಿಲ್ಲ?

ಕೊನೆಗೂ ಓವರ್‌ಸಿಯರಿಗೆ ಹೇಳಿಬಿಟ್ಟೆ. ಜಗಲಿಯಲ್ಲಿ ಕೂತಿದ್ದವನನ್ನು ಅವರೇ ನೋಡಿ, "ಏನಯ್ಯಾ, ದಿನಾ ಬಂದು ಕಂಬ ಕಾಯ್ತೀಯ?" ಎಂದು ಕೇಳಿದರು. ಬಾಯಿಗೆ ಬಂದಂತೆ ಎಲ್ಲವನ್ನೂ ಹೇಳಿದೆ. ಕೊಡಿಗೆ ಹೋದರೆ ಹೋಗಲಿ. ನಗುತ್ತಿದ್ದವರು ನಗು ನಿಲ್ಲಿಸಿದರು. ವರ್ಗದ ಮಾತು ಆಮೇಲೆ, ಮೊದಲು ನೀರು ಇಳಿಸು, ಜನರನ್ನು ಎಬ್ಬಿಸು ಎಂದರು. ತಾವು ದೀಪಾವಳಿಗೆ ಮುಂಚೆಯೇ ಬರಲು ನೋಡುತ್ತೇನೆ, ನಡುವೆ ಹಳ್ಳ ತುಂಬಿ ಗಾಡಿ ಹೋಗುತ್ತಿಲ್ಲ ಎಂದರು.

ಹೊರಡುವಾಗ ಮತ್ತೆ ಕರೆದು ಇನ್ನೊಂದು ಮಾತು ಹೇಳಿದರು. ಅದನ್ನು ಹಾಗೇ ಬರೆಯುತ್ತೇನೆ. "ನೋಡಪ್ಪಾ, ಬುಡದಲ್ಲಿ ನೀರು ತಿಳಿಯಾಗಿ ಜಿನುಗ್ತಿದ್ರೆ ಏರಿ ಬೆವರ್ತಿದೆ ಅಂತ. ಕದಡಿ ಬಂದ್ರೆ ಏರಿ ಕರಗ್ತಿದೆ ಅಂತ. ಕದಡಿದ್ದು ಕಂಡ್ಮೇಲೆ ಪಾತ್ರೆ ಪಗಡೆ ನೋಡ್ಬಾರ್ದು."

ಒರತೆಯ ನೀರಿನ ಬಣ್ಣ ಬದಲಾಯಿತೇ? ಕೆಂಪಗೆ, ಬೆಳ್ಳಗೆ, ಯಾವ ಬಣ್ಣವಾದರೂ ಸರಿ, ಹೂವು ಎಡಕ್ಕೆ ಬೀಳಲಿ ಬಲಕ್ಕೆ ಬೀಳಲಿ, ಕಾಯಬೇಡಿ.

ಗೋಪಾಲಪ್ಪ

*

ಶೆಡ್ಡಿನಿಂದ
25-10-1945

ಮಾವನಿಗೆ ಗಂಗಲಕ್ಷ್ಮಿಯ ನಮಸ್ಕಾರ.

ಇದನ್ನು ಕದ್ದು ಬರೆಯುತ್ತಿದ್ದೇನೆ. ಬಾಣಂತಿ ಅಕ್ಷರ ನೋಡಿದರೆ ಕಣ್ಣು ಹೋಗುತ್ತದೆಂದು ಅಮ್ಮ ಕಾಗದ, ಸೀಸದಕಡ್ಡಿ ಎಲ್ಲ ಎತ್ತಿಟ್ಟಿದ್ದಾಳೆ. ನಿಮ್ಮ ಕಾಗದ ಬಂದಿದೆ. ಅದನ್ನೂ ಒಡೆಯದೆ ಸೂರಿಗೆ ಸಿಕ್ಕಿಸಿದ್ದಾಳೆ. ಶೆಡ್ಡಿನಲ್ಲಿ ಓದುಬಲ್ಲವರು ನಾನೊಬ್ಬಳೇ ಆದ್ದರಿಂದ ನನ್ನ ಬಾಣಂತನ ಮುಗಿಯುವವರೆಗೆ ಅದು ಅಲ್ಲೇ ಇರಬೇಕು. ಮಲಗಿದ್ದಲ್ಲಿಂದ ನನಗೆ ಅದರ ತುದಿ ಕಾಣುತ್ತದೆ.

ಹೆಣ್ಣು ಮಗು. ಮೂಗು ನಿಮ್ಮದೇ ಎಂದು ಅಮ್ಮ ಹೇಳುತ್ತಾಳೆ, ಸದ್ಯ ಬುದ್ಧಿ ನಿಮ್ಮದಾಗದಿದ್ದರೆ ಸಾಕಂತೆ. ಬಹಳ ಅಳುತ್ತಿತ್ತು. ನನಗೆ ಹಾಲು ಇಳಿಯಲಿಲ್ಲ ಮಾವ. ಬೆಳ್ಳುಳ್ಳಿ ತಿಂದೆ, ಸಬ್ಬಸಿಗೆ ಸೊಪ್ಪು ತಿಂದೆ, ಏನೂ ಆಗಲಿಲ್ಲ. ಮಗು ಬತ್ತಿ ಹೋಗುತ್ತಿತ್ತು. ಅಮ್ಮ ನನ್ನೆದುರಿಗೆ ಗಟ್ಟಿಯಾಗಿದ್ದು ಗುಡಿಸಲ ಹಿಂದೆ ಹೋಗಿ ಅಳುತ್ತಿದ್ದಳು.

ಹೇಳಲು ಬಂದದ್ದು ಬೇರೆ. ಈಗ ಮೂರು ನಾಲ್ಕು ದಿನದಿಂದ ಮುತ್ಯಾಲಮ್ಮನ ಒರತೆಯಲ್ಲಿ ನೀರು ಬೆಳ್ಳಗೆ ಬರುತ್ತಿದೆ. ಮೊದಲು ಅಕ್ಕಿ ತೊಳೆದ ನೀರಿನ ಹಾಗಿತ್ತು, ಈಗ ಹಾಲಿನ ಹಾಗೇ ಇದೆ. ಮೊದಲಿಗಿಂತ ಹೆಚ್ಚು ಬರುತ್ತಿದೆ. ಅಮ್ಮಯಮ್ಮ ನೋಡಿ ಅಲ್ಲೇ ಅಡ್ಡಬಿದ್ದಳು. "ಬಾಣಂತಿಗೆ ಹಾಲಿಲ್ಲ ಅಂತ ತಾಯಿ ತಾನೇ ಹಾಲು ಕೊಡ್ತವ್ಳೆ" ಅಂದಳು. ನನಗೆ ಲೋಟ ಲೋಟ ಕುಡಿಸಿದರು. ಮಗುವಿನ ನಾಲಿಗೆಗೂ ಒಂದು ಹನಿ ಮುಟ್ಟಿಸಿದರು. ನೀವು ನಂಬುತ್ತೀರೋ ಇಲ್ಲವೋ, ಮಾರನೆಯ ದಿನವೇ ನನಗೆ ಹಾಲು ಇಳಿಯಿತು. ಈಗ ಅಕ್ಕಪಕ್ಕದ ಊರಿನವರೂ ತಂಬಿಗೆ ಹಿಡಿದು ಬರುತ್ತಿದ್ದಾರೆ. ಒಬ್ಬರಾದ ಮೇಲೆ ಒಬ್ಬರು ಕೆದಕಿ ಕೆದಕಿ ಒರತೆಯ ಬಾಯಿ ಕೊಡದಷ್ಟು ಅಗಲವಾಗಿದೆ.

ನೀವು ಸುಮ್ಮನೆ ಹೆದರಿಕೊಂಡು ಕೂತಿರುತ್ತೀರಿ ಎಂದು ಈ ಸಂತೋಷ ತಿಳಿಸಿದೆ. ಸ್ವಾತಿ ಮಳೆ ಹಿಡಿದಿದೆ. ಕಟ್ಟೆ ಇವತ್ತೋ ನಾಳೆಯೋ ಕೋಡಿ ಬೀಳುತ್ತದಂತೆ, ಅಪ್ಪ ಅದಕ್ಕೆ ಪೂಜೆ ಮಾಡಿಸುತ್ತಾರಂತೆ. ರೋಗ ಎಲ್ಲ ಮುಗಿದ ಮೇಲೆ ಬಂದು ಮಗು ನೋಡಿ.

ನಿಮ್ಮ ಸೋದರ ಸೊಸೆ
ಗಂಗ

*

ಘಾಟಿ ದಾರಿಯ ಪ್ಲೇಗ್ ಚೌಕಿ
29-10-1945

ಬೈರಣ್ಣ, ಇದನ್ನು ನೀನೇ ಒಡೆದು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳು.

ಅಕ್ಕ, ಈ ಸಲ ಮೊದಲನೇ ಮಾತೇ ಮುಖ್ಯವಾದ ಮಾತು. ಒರತೆಯ ಬಿಳಿ ನೀರನ್ನು ಒಂದು ಬಿಂದಿಗೆಯಲ್ಲಿ ತುಂಬಿಟ್ಟಿರುತ್ತೀರಲ್ಲ, ಅದನ್ನು ಅಲ್ಲಾಡಿಸದೆ ಮೇಲಿನ ನೀರು ಚೆಲ್ಲು. ತಳದಲ್ಲಿ ಕೂತದ್ದನ್ನು ನಿನ್ನ ಕೈಯಿಂದಲೇ ತೆಗೆದು ಬಿಸಿ ಒಲೆಯ ಮೈಗೆ ಬಳಿ. ಹಬ್ಬ ಹಬ್ಬಕ್ಕೂ ಗೋಡೆಗೆ ಬಳಿದ ಕೈ ಅದು, ಅದಕ್ಕೆ ಗೊತ್ತಾಗುತ್ತದೆ. ಒಣಗಿ ಬೆಳ್ಳಗೆ ಹತ್ತಿಕೊಂಡರೆ ಅದು ತಾತ ಏರಿಯ ಹೊಟ್ಟೆಗೆ ತುಂಬಿದ ಸುದ್ದೆ. ಏರಿ ಒಳಗಿನಿಂದ ಖಾಲಿಯಾಗುತ್ತಿದೆ. ಆಗ ಈ ಕಾಗದವನ್ನು ಮುಂದೆ ಓದಿಸಬೇಡ. ಮಗುವನ್ನು ಎತ್ತಿಕೊಂಡು ಗುಟ್ಟೆ ಹತ್ತು. ನೀನು ಹತ್ತಿದರೆ ಎಲ್ಲರೂ ಹತ್ತುತ್ತಾರೆ.

ಬೆಳ್ಳಗಾಗದಿದ್ದರೆ ಉಳಿದದ್ದನ್ನು ಓದಿಸು.

ನಾನು ನಿನ್ನೆ ಗಂಗಳ ಕಾಗದ ಓದಿದವನು ಅಂಗಡಿಗೆ ಹೋಗಲಿಲ್ಲ. ಬೆಳಕು ಹರಿಯುವ ಮುಂಚೆ ಹೊರಟೆ. ಚೌಕಿಯಲ್ಲಿ ಚೀಟಿ ಇಲ್ಲದೆ ಬಿಡುವುದಿಲ್ಲ ಎಂದರು. ಚುಚ್ಚಿ ಎಂದು ತೋಳು ಕೊಟ್ಟೆ. ಅಷ್ಟೇನೂ ನೋಯಲಿಲ್ಲ, ಸುಳ್ಳು ಹೇಳುವುದಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಚುಚ್ಚಿದವರನ್ನು ಕೂಡಲೇ ಒಳಗೆ ಬಿಡುವುದಿಲ್ಲವಂತೆ, ಇಲ್ಲೇ ಕೂರಿಸಿದ್ದಾರೆ. ಅಷ್ಟರಲ್ಲಿ ದೇವರ ಹಾಗೆ ಬೈರಣ್ಣ ಚೀಲ ಹೊತ್ತು ಬಂದ. ತೋಳು ಭಾರವಾಗುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಬೆಳ್ಳಗಾಗದಿದ್ದರೆ, ನಾನು ಬಂದು ಕೂತಾಗ ಎಲ್ಲರ ಮುಂದೆ ಮಿಂಚುಹುಳದ ಕತೆ ಹೇಳು. ಪೂರ್ತಿ ಹೇಳು, ಅಪ್ಪ ತಲೆ ತಗ್ಗಿಸಿದ್ದನ್ನೂ ಸೇರಿಸಿ. ಈ ಸಲ ನಾನೂ ನಗುತ್ತೇನೆ.

ಗೋಪಾಲ

*

ಗುಟ್ಟೆಯ ಮೇಲೆ
12-11-1945

ಗೋಪಾಲನಿಗೆ ಅಕ್ಕನ ಆಶೀರ್ವಾದ. ಗಂಗಳೇ ಬರೆಯುತ್ತಿದ್ದಾಳೆ. ಕಣ್ಣು ಹೋದರೆ ಹೋಗಲಿ ಅನ್ನುತ್ತಾಳೆ, ನಾನೂ ಬೇಡವೆನ್ನಲಿಲ್ಲ.

ಸೂಜಿಯ ಜ್ವರ ಏರಿ ನಿನ್ನನ್ನು ಚೌಕಿಯಿಂದ ಗಾಡಿಯಲ್ಲಿ ವಾಪಸು ಸಾಗಿಸಿದರೆಂದು ಬೈರಣ್ಣ ಹೇಳಿದ. ಈಗ ಎದ್ದು ಕೂರುತ್ತೀಯಂತೆ. ಕೂತುಕೊಂಡೇ ಓದಿಕೊ.

ಬೈರಣ್ಣ ಓದಿದ. ಸುತ್ತ ಜನ ಇದ್ದರು, ಒಂದಿಬ್ಬರು ನಕ್ಕರು. ನಾನು ಬಿಂದಿಗೆ ಬಗ್ಗಿಸಿದೆ. ಬೆರಳು ತಳಕ್ಕೆ ಮುಟ್ಟಿದೊಡನೆಯೇ ಗೊತ್ತಾಯಿತು ಕಣೋ. ನುಣ್ಣಗೆ, ತಣ್ಣಗೆ. ಚಿಕ್ಕಂದಿನಿಂದ ನನ್ನ ಉಗುರು ಸಂದಿಯಲ್ಲಿರುವ ಮಣ್ಣು ಅದು. ಆದರೂ ನೀನು ಹೇಳಿದೆಯೆಂದು ಒಲೆಗೆ ಬಳಿದೆ. ಒಲೆ ಬಿಸಿಯಿತ್ತು, ನೋಡುತ್ತಿರುವಂತೆಯೇ ಬೆಳ್ಳಗಾಯಿತು. ಬೈರಣ್ಣ ಮುಂದೆ ಓದಲು ಬಾಯಿ ತೆಗೆದ. ಬೇಡ ಅಂದೆ.

ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮಳೆಗೆ ಇಳಿದೆ. ಗಂಗ ತಲೆಗೆ ಕಟ್ಟಿದ್ದ ಬಟ್ಟೆಯಲ್ಲೇ ಹಿಂದೆ ಬಂದಳು. ಹಸಿ ಬಾಣಂತಿ ನೀರಲ್ಲಿ ನಡೆದುಹೋಗುವುದನ್ನು ನೋಡಿ ಹೆಂಗಸರು ಬಾಯಿ ಬಡಿದುಕೊಂಡು ಹಿಡಿಯಲು ಓಡಿಬಂದರು. ನಾನು ನಿಲ್ಲಲಿಲ್ಲ. ನಮ್ಮನ್ನು ಹಿಡಿಯಲು ಬಂದವರೆಲ್ಲ ಗುಟ್ಟೆಯವರೆಗೂ ಬಂದರು. ಅವರನ್ನು ಕರೆಯಲು ಬಂದ ಗಂಡಸರೂ ಬಂದರು.

ಅಮ್ಮಯಮ್ಮ ಬರಲಿಲ್ಲ. "ಹಾಲು ಕೊಟ್ಟ ತಾಯೀನ ಬಿಟ್ಟು ನಾನೆಲ್ಲಿಗೆ ಬರ್ಲಿ" ಎಂದು ಒರತೆಯ ಪಕ್ಕ ಕೂತಿದ್ದಳು.

ನಿನ್ನ ಭಾವ ಒಲೆಯ ಹತ್ತಿರ ನಿಂತು ಆ ಬಿಳಿ ಗುರುತನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಹಾರೆ ತೆಗೆದುಕೊಂಡರು. "ನೀವು ನಡೀರಿ. ತೂಬು ಎತ್ತಿ, ಆ ಮುದುಕೀನೂ ಎತ್ಕೊಂಡು ಬರ್ತೀನಿ. ಮೊದ್ಲೇ ಎತ್ತಿದ್ರೆ ನಿನ್ನ ತಮ್ಮನಿಗಾದ್ರೂ ಸಂತೋಷವಾಗ್ತಿತ್ತು" ಅಂದರು. ಏರಿಯ ಕಡೆಗೆ ಹೋದರು.

ಗುಟ್ಟೆಯ ಮೇಲಿಂದ ಎಲ್ಲರೂ ನೋಡಿದೆವು. ಸದ್ದು ಬರಲಿಲ್ಲ ಗೋಪಾಲ, ಮೊದಲು ಸದ್ದೇ ಬರಲಿಲ್ಲ. ಅತ್ತಿ ಮರದ ಜಾಗದಲ್ಲಿ ಏರಿ ಸುಮ್ಮನೆ ಕೂತುಕೊಂಡಿತು, ಸುಸ್ತಾದವರು ಕೂರುವ ಹಾಗೆ. ಆಮೇಲೆ ಅದು ಇರಲಿಲ್ಲ.

ಅಮ್ಮಯಮ್ಮ ಮಾರನೆಯ ದಿನ ಕೆಳಗಿನೂರಿನ ಬಿದಿರು ಮೆಳೆಯಲ್ಲಿ ಸಿಕ್ಕಳು. ನಿನ್ನ ಭಾವ ಸಿಕ್ಕಿಲ್ಲ. ಹಾರೆ ಸಿಕ್ಕಿತು. ಗದ್ದೆಯಿದ್ದ ಕಡೆ ಕೆಮ್ಮಣ್ಣೂ ಸುದ್ದೆಯೂ ಸೇರಿ ಹಾಸಿಕೊಂಡಿದೆ. ಬಿಸಿಲಿಗೆ ಒಣಗಿ ಹಬ್ಬಕ್ಕೆ ಸಾರಿಸಿದ ಅಂಗಳದ ಹಾಗೆ ಕಾಣುತ್ತದೆ. ಹೂವು ಎಡಕ್ಕೆ ಬಿದ್ದಿದ್ದರೂ ಲಕ್ಕಮ್ಮ ಎದ್ದುಹೋದಳು, ಅಮ್ಮನಿಗೆ ಸಿಟ್ಟು ಬಂತು, ಅದಕ್ಕೇ ಕಟ್ಟೆ ಹೋಯಿತು ಎಂದು ಒಬ್ಬಿಬ್ಬರು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲು ಉಳಿದಿದ್ದಾರಲ್ಲ, ಆಡಲಿ.

ಓವರ್‌ಸಿಯರು ಹಳ್ಳ ಇಳಿದ ಮೇಲೆ ಬಂದರು. ಏರಿಯ ಮುರಿದ ತುದಿಯಲ್ಲಿ ನಿಂತು, ಕೆಳಗೆ ಎಷ್ಟು ಮನೆ ಇದ್ದವಮ್ಮಾ ಎಂದು ಕೇಳಿದರು. ನೀವೇ ನೋಡಿ ಸ್ವಾಮಿ ಅಂದೆ. ಅವರು ಮೊದಲ ಸಲ ನೋಡಿದಾಗ ಹೇಗಿತ್ತೋ ಹಾಗೇ ಇತ್ತು, ಯಾರೂ ಇರಲಿಲ್ಲ. ಏನನ್ನೂ ಬರೆದುಕೊಳ್ಳಲಿಲ್ಲ.

ನಿನ್ನ ಆ ಕಾಗದ ಬೈರಣ್ಣನ ಕೈಯಿಂದ ನಾನೇ ಇಸಕೊಂಡು ಒಲೆಯ ಪಕ್ಕ ಇಟ್ಟಿದ್ದೆ. ಒಲೆಯ ಜೊತೆಗೆ ಹೋಯಿತು. ನೀನು ಬೇಡವೆಂದ ಕಡೆಗೇ ನಿಲ್ಲಿಸಿಬಿಟ್ಟೆ, ಮುಂದೆ ಏನಿತ್ತೋ ನನಗೆ ಗೊತ್ತಿಲ್ಲ. ಬೈರಣ್ಣನನ್ನು ಕೇಳಿದರೆ, "ನಾನೂ ಅಲ್ಲಿಗೇ ನಿಲ್ಲಿಸ್ದೆ ಕಣಕ್ಕ" ಅನ್ನುತ್ತಾನೆ.

ಜ್ವರ ಬಿಟ್ಟ ಮೇಲೆ ಬಾ. ಬಂದು ಅದನ್ನು ಬಾಯಲ್ಲಿ ಹೇಳು. ಎಷ್ಟು ಉದ್ದವಿದ್ದರೂ ಕೊನೆಯವರೆಗೆ ಕೇಳುತ್ತೇನೆ.

ನಿನ್ನ ಅಕ್ಕ
ಲಕ್ಕಮ್ಮ